ಕೆಂಚೇಶ ಹಾಕಿದ ಹಾರ

ನ್ಯಾಮತಿ ತಾಲ್ಲೂಕು
19-7-2023, ಬುಧವಾರ

ಪೂಜ್ಯ ಗುರುಗಳಾದ ಪಂಚಾಕ್ಷರಪ್ಪ ಸರ್ ಅವರಿಗೆ,

ನಿಮ್ಮ ಶಿಷ್ಯೆ ಪುಷ್ಪಾ ಮಾಡುವ ನಮಸ್ಕಾರಗಳು. ಯಾವ ಪುಷ್ಪಾ ಎಂದು ತಲೆ ಕೆರೆದುಕೊಳ್ಳಬೇಡಿ. ಜಗಳೂರು ತಾಲ್ಲೂಕು ಕರೆಗುಡ್ಡದಹಟ್ಟಿ ಶಾಲೆ, ತೊಂಬತ್ತೆಂಟರ ಏಳನೇ ಕ್ಲಾಸು, ಎರಡನೇ ಸಾಲು. ಅಕ್ಷರ ಎಡಕ್ಕೆ ವಾಲುತ್ತದೆ ಎಂದು ನೀವು ದಿನಾ ಕಿವಿ ಹಿಂಡುತ್ತಿದ್ದ ಪುಷ್ಪಾ. ಈಗಲೂ ವಾಲುತ್ತದೆ, ನೋಡಿ.

ನಾನೀಗ ಪಂಚಾಯ್ತಿ ಮೆಂಬರು, ಸರ್. ಹಟ್ಟಿಯ ಮುನ್ನೂರ ಹನ್ನೊಂದು ಜನ ಮತ ಹಾಕಿ ಕಳಿಸಿ ಎರಡೂವರೆ ವರ್ಷವಾಯಿತು. ಮುಂದಿನ ಅವಧಿಯ ಅಧ್ಯಕ್ಷರ ಚುನಾವಣೆ ಆಗಸ್ಟ್ ಎರಡಕ್ಕೆ. ಸ್ಥಾನ ಹೆಂಗಸರಿಗೆ ಮೀಸಲು. ನಾವು ಹದಿಮೂರು ಮೆಂಬರುಗಳು ಸೇರಿ ನಮ್ಮೊಳಗೇ ಒಬ್ಬಳನ್ನು ಆರಿಸಬೇಕು. ಒಂದು ಕಡೆ ಭೀಮಕ್ಕ. ಓದು ಬರಹ ಬಾರದವಳು, ಆದರೆ ಬೆಳಗಾಗುವ ಮೊದಲೇ ಪಂಪ್‌ಹೌಸಿನ ಮುಂದೆ ನಿಂತು ಪಂಚಾಯ್ತಿಯ ಏಳೂ ಊರಿಗೆ ಸರದಿಯಂತೆ ನೀರು ಬಿಡಿಸುವವಳು. ಇನ್ನೊಂದು ಕಡೆ ಗಂಗೋತ್ರಿ. ಅವಳು ಪಾಪದವಳು, ಅವಳ ಮೈದುನ ಪಾಪದವನಲ್ಲ. ಮೈದುನ ಯಾರು ಗೊತ್ತೇ? ನಮ್ಮ ಕ್ಲಾಸಿನ ಕೆಂಚೇಶ. ಪೈಪ್‌ಲೈನ್ ಕಂಟ್ರಾಕ್ಟ್ ಅವನದೇ. ನಮ್ಮ ಬೀದಿ ಅಗೆದು ಒಂದು ವರ್ಷವಾಯಿತು, ಒಂದು ಹನಿ ನೀರು ಬಂದಿಲ್ಲ.

ಮೊನ್ನೆ ಅವನು ಮನೆಗೆ ಬಂದು, "ಹೊನ್ನಾಳೀಲಿ ಎರಡು ದಿನ ಮೆಂಬರ್‌ಗಳಿಗೆ ಟ್ರೈನಿಂಗ್ ಐತೆ ಪುಷ್ಪಕ್ಕ. ಹೋಗಾಕೆ ಬರಾಕೆ ಬಸ್ಸೂ ಐತೆ" ಎಂದ. ನನ್ನ ಗಂಡ ತಿಪ್ಪೇಶಪ್ಪನೂ "ಹೋಗಿ ಬಾ, ನಾಕು ವಿಷಯ ತಿಳೀತಾವೆ" ಎಂದ. ನಾನು ನಂಬಿ ಹತ್ತಿದೆ. ನೋಟ್‌ಬುಕ್ಕು, ಎರಡು ಪೆನ್ನು ಬೇರೆ ತಂದೆ! ಬಸ್ಸಿನಲ್ಲಿ ಇದ್ದ ಉಳಿದ ಆರು ಮೆಂಬರುಗಳು ಬರೀ ಬಟ್ಟೆ ತಂದಿದ್ದರು. ಅವರಿಗೆಲ್ಲ ಗೊತ್ತಿತ್ತು. ಹೊನ್ನಾಳಿಯಲ್ಲಿ ಊಟಕ್ಕೆ ನಿಂತ ಬಸ್ಸು ಟ್ರೈನಿಂಗಿಗೆ ನಿಲ್ಲದೆ ಇಲ್ಲಿಗೆ ಬಂತು. ಇದೊಂದು ಗುಡ್ಡದ ಬುಡದ ಯಾತ್ರಿನಿವಾಸ. ಇಳಿದ ಕೂಡಲೇ ನಮ್ಮ ಮೊಬೈಲುಗಳನ್ನು ಒಂದು ಚೀಲಕ್ಕೆ ಹಾಕಿಸಿಕೊಂಡ. ಚುನಾವಣೆಯ ದಿನ ನೇರ ಪಂಚಾಯ್ತಿ ಬಾಗಿಲಿಗೆ ಬಿಡುತ್ತಾನಂತೆ. ಏಳು ಜನ ಇದ್ದೇವಲ್ಲ, ಹದಿಮೂರಕ್ಕೆ ಏಳು ಸಾಕು.

ಮೊಬೈಲು ಬಂದ ಮೇಲೆ ನನಗೆ ಗಂಡನ ನಂಬರೂ ಬಾಯಿಗೆ ಬರುವುದಿಲ್ಲ. ನಿಮ್ಮ ತ್ಯಾವಣಿಗೆ ವಿಳಾಸ ಮಾತ್ರ ಪಿನ್ ಕೋಡ್ ಸಮೇತ ಬರುತ್ತದೆ. ಪತ್ರಲೇಖನದ ಪಾಠದಲ್ಲಿ ನಲವತ್ತು ಮಕ್ಕಳಿಂದಲೂ ಆ ವಿಳಾಸಕ್ಕೇ ಬರೆಸುತ್ತಿದ್ದಿರಲ್ಲ. ಊರಿಗೆ ಬರೆದರೆ ಅಂಚೆಯಣ್ಣ ಕಾಗದವನ್ನು ಕೆಂಚೇಶನ ಅಂಗಡಿಯಲ್ಲೇ ಇಳಿಸಿ ಹೋಗುತ್ತಾನೆ. ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ. ಒಂದೇ ಒಂದು ಉಪಕಾರ ಮಾಡಿ. ಭೀಮಕ್ಕನ ಮಗ ಮಾರುತೇಶನೂ ನಿಮ್ಮ ಶಿಷ್ಯನೇ. ಯಾರ ಕೈಲಾದರೂ ಅವನಿಗೆ ಹೇಳಿಕಳಿಸಿ, ಅವನ ಮೂಲಕ ಭೀಮಕ್ಕನಿಗೆ ಮುಟ್ಟಲಿ: "ಪುಷ್ಪಾ ಬಸ್ಸಿನಲ್ಲಿ ಇದ್ದಾಳೆ, ಆದರೆ ಅವಳ ಮತ ನಿನ್ನದೇ." ನೀವು ಹೇಳಿದರೆ ಅವಳು ನಂಬುತ್ತಾಳೆ.

ಉತ್ತರವನ್ನು ಇಲ್ಲಿ ದೇವಸ್ಥಾನದ ಮುಂದೆ ಹೂವು ಮಾರುವ ಸುಚಿತ್ರಾ ಎಂಬವರ ಹೆಸರಿಗೆ ಬರೆಯಿರಿ. ವಿಳಾಸ ಹಿಂದೆ ಇದೆ. ಈ ಕಾಗದ ಅಂಚೆ ಡಬ್ಬಿಗೆ ಹಾಕುವವರೂ ಅವರೇ.

ಇಂತಿ ನಿಮ್ಮ ವಿಧೇಯ ವಿದ್ಯಾರ್ಥಿನಿ,
ಪುಷ್ಪಾ


ತ್ಯಾವಣಿಗೆ
22-7-2023

ಚಿ. ಸೌ. ಪುಷ್ಪಾಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಕಂಡು ಆಶ್ಚರ್ಯವೂ ಆಯಿತು, ಸಂತೋಷವೂ ಆಯಿತು. ನೀನು ಪಂಚಾಯ್ತಿ ಸದಸ್ಯೆ ಎಂಬುದೇ ನನಗೆ ಹೊಸ ಸುದ್ದಿ. ದಿನಾಂಕವನ್ನು ಸರಿಯಾದ ಜಾಗದಲ್ಲಿ ಬರೆದಿದ್ದೀಯ. ಅಕ್ಷರದ ವಿಷಯದಲ್ಲಿ ನಾನು ಸೋತೆ. ನನ್ನ ಕಿವಿಗಳು ನಿವೃತ್ತಿಯಾಗಿ ಐದು ವರ್ಷವಾಯಿತು, ಫೋನಿನಲ್ಲಿ ಯಾರ ಮಾತೂ ಕೇಳಿಸದು. ಆದ್ದರಿಂದ ಕಾಗದ ಬರೆಯುವವರೇ ಈಗ ನನಗೆ ನೆಂಟರು.

ನೀನು ಸಿಟ್ಟಿನಲ್ಲಿದ್ದೀಯ. ಪ್ರವಾಸಕ್ಕೆ ಕರೆದೊಯ್ಯುವುದು ಒಳ್ಳೆಯ ಪದ್ಧತಿಯಲ್ಲ, ಒಪ್ಪುತ್ತೇನೆ. ಆದರೆ ಕೆಲವರು ಕೆಟ್ಟರೆಂದು ಪದ್ಧತಿಯನ್ನೇ ಬಯ್ಯಬಾರದು. ಪರೋಕ್ಷ ಚುನಾವಣೆಯ ಪಾಠ ಮಾಡುವಾಗ ನಾನು ಮನೆಯಿಂದ ಜರಡಿ ತಂದು ತೋರಿಸಿದ್ದೆ, ನೆನಪಿದೆಯೇ? ಜನ ದುಡುಕುತ್ತಾರೆ. ಜಾತಿ ನೋಡುತ್ತಾರೆ, ಮಾತಿನ ಮಲ್ಲನಿಗೆ ಮರುಳಾಗುತ್ತಾರೆ. ಅವರು ಆರಿಸಿದ ಪ್ರತಿನಿಧಿಗಳು ನಾಲ್ಕು ಜನ ಕೂತು ವಿಚಾರ ಮಾಡುತ್ತಾರೆ. ಹೊಟ್ಟು ಮೇಲೆ ಉಳಿಯುತ್ತದೆ, ಹಿಟ್ಟು ಕೆಳಗೆ ಬೀಳುತ್ತದೆ. ನಮ್ಮ ರಾಷ್ಟ್ರಪತಿಯನ್ನೂ ನಾವು ನೇರವಾಗಿ ಆರಿಸುವುದಿಲ್ಲ. ಅದರಿಂದ ದೇಶಕ್ಕೇನು ನಷ್ಟವಾಯಿತು?

ಅಧ್ಯಕ್ಷರನ್ನು ಜನರೇ ಆರಿಸಲಿ ಎನ್ನುವವರಿಗೆ ನನ್ನ ಪ್ರಶ್ನೆ ಇಷ್ಟೇ. ಏಳು ಜನರನ್ನು ಬಸ್ಸು ಹತ್ತಿಸುವವನು ನಾಲ್ಕು ಸಾವಿರ ಜನರಿಗೆ ಊಟ ಹಾಕಿಸಲಾರನೇ? ಹಾಗೆ ಗೆದ್ದವನು ನಾಳೆ "ನನ್ನನ್ನು ಜನ ಆರಿಸಿದ್ದಾರೆ, ನೀವು ಮೆಂಬರುಗಳು ಯಾವ ಲೆಕ್ಕ" ಎಂದರೆ ಅವನನ್ನು ಕೇಳುವವರು ಯಾರು?

ಭೀಮಕ್ಕನಿಗೆ ಸುದ್ದಿ ಮುಟ್ಟಿಸಲು ಹೇಳಿದ್ದೀಯ. ಅದನ್ನು ಮಾತ್ರ ಮಾಡಲಿಲ್ಲ. ನಿನ್ನ ಮತ ಗುಪ್ತ ಮತ. ಯಾರಿಗೆ ಎಂದು ಮೊದಲೇ ಡಂಗುರ ಸಾರಿಸಲು ಗುರುವಾದ ನಾನೇ ಓಡಾಡಿದರೆ, ಇಷ್ಟು ವರ್ಷ ಏನು ಪಾಠ ಹೇಳಿದಂತಾಯಿತು? ಮನಸ್ಸಾಕ್ಷಿಯಂತೆ ನಡೆ. ದೊಡ್ಡವರ ಮಾತಿಗೂ ಬೆಲೆ ಕೊಡು.

ನಿನ್ನ ಹಿತೈಷಿ,
ಪಂಚಾಕ್ಷರಪ್ಪ


ನ್ಯಾಮತಿ ತಾಲ್ಲೂಕು
26-7-2023, ಬುಧವಾರ

ಸರ್, ನಮಸ್ಕಾರ.

ನಿಮ್ಮ ಕಾಗದವನ್ನು ಸುಚಿತ್ರಕ್ಕ ಸೇವಂತಿಗೆ ಬುಟ್ಟಿಯ ತಳದಲ್ಲಿಟ್ಟು ತಂದುಕೊಟ್ಟರು. ಓದಿದೆ. ನಾನು ಮೆಂಬರಾಗಿದ್ದು ನಿಮಗೆ ಹೊಸ ಸುದ್ದಿ ಎಂದು ಬರೆದಿದ್ದೀರಿ. ಸುಳ್ಳು ಯಾಕೆ ಹೇಳಿದಿರಿ ಸರ್?

ನಿನ್ನೆ ಊಟಕ್ಕೆ ಕೂತಾಗ ಕೆಂಚೇಶ ಜೇಬಿನಿಂದ ಒಂದು ಕಾಗದ ತೆಗೆದ. "ಇದು ನಮ್ಮ ಪಂಚಾಕ್ಷರಪ್ಪ ಸರ್ ಬರ್ದಿದ್ದು. ಪುಷ್ಪಕ್ಕ, ನೀನೂ ಕೇಳು" ಎಂದು ಎಲ್ಲರ ಎದುರು ಓದಿದ. ಜುಲೈ ಹನ್ನೆರಡರ ತಾರೀಖು. ನಾನು ನಿಮಗೆ ಬರೆಯುವುದಕ್ಕೆ ಒಂದು ವಾರ ಮೊದಲು! "ಸದಸ್ಯರೆಲ್ಲ ಒಗ್ಗಟ್ಟಾಗಿ ಬಹುಮತದ ಕಡೆ ನಿಂತರೆ ಊರಿಗೆ ಒಳ್ಳೆಯದು. ನನ್ನ ಶಿಷ್ಯೆ ಪುಷ್ಪಾಳಿಗೂ ಇದೇ ನನ್ನ ಮಾತು." ಅಕ್ಷರ ನಿಮ್ಮದೇ. ಅವನು ತ್ಯಾವಣಿಗೆಗೆ ಬಂದು ಕಾಲಿಗೆ ಬಿದ್ದನಂತೆ, ಶಾಲು ಹೊದಿಸಿದನಂತೆ, ನೀವು ಕೂತಲ್ಲೇ ಬರೆದುಕೊಟ್ಟಿರಂತೆ. ಆರು ಜನ ಮೆಂಬರುಗಳು ಉಣ್ಣುವುದು ಬಿಟ್ಟು ನನ್ನ ಮುಖ ನೋಡಿದರು.

ನಿಮ್ಮ ಜರಡಿ ನೆನಪಿದೆ ಸರ್. ಇಲ್ಲಿ ಬಂದು ನೋಡಿ. ವಿಚಾರ ಮಾಡುವ ಪ್ರತಿನಿಧಿಗಳು ಬೆಳಿಗ್ಗೆ ಇಡ್ಲಿ ತಿಂದು ಮಲಗುತ್ತಾರೆ, ಮಧ್ಯಾಹ್ನ ಎದ್ದು ಇಸ್ಪೀಟು ಆಡುತ್ತಾರೆ. ಹೆಂಗಸರು ಟಿ.ವಿ. ಮುಂದೆ. ಗಂಗೋತ್ರಿಯೂ ಇಲ್ಲೇ ಇದ್ದಾಳೆ. ಅಧ್ಯಕ್ಷೆಯಾಗಿ ಏನು ಮಾಡುತ್ತೀಯ ಎಂದು ಕೇಳಿದೆ. "ನಂಗೇನು ಗೊತ್ತು ಅಕ್ಕ, ನಮ್ಮ ಮೈದ್ನನ್ನ ಕೇಳ್ಬೇಕು" ಎಂದಳು. ಹಿಟ್ಟು ಯಾವುದು, ಹೊಟ್ಟು ಯಾವುದು? ಜರಡಿಯನ್ನೇ ಒಬ್ಬ ಮನೆಗೆ ಹೊತ್ತುಕೊಂಡು ಹೋದರೆ ನೀವೇನು ಪಾಠ ಮಾಡುತ್ತೀರಿ?

ಗುಪ್ತ ಮತ ಎಂದಿರಲ್ಲ, ಅದರ ಕಥೆಯನ್ನೂ ಕೇಳಿ. ಮತಚೀಟಿಯ ಮೇಲೆ ಇಂಟು ಗುರುತು ಹಾಕಬೇಕಲ್ಲವೇ. ಏಳು ಜನರಿಗೂ ಏಳು ರೀತಿಯ ಇಂಟು ಹೇಳಿಕೊಟ್ಟಿದ್ದಾನೆ. ಒಬ್ಬರದು ಸಣ್ಣದು, ಒಬ್ಬರದು ಎಡ ಮೂಲೆಯಲ್ಲಿ, ಒಬ್ಬರದು ಹೆಸರಿಗೆ ತಾಗಿಕೊಂಡು. ನನ್ನದು ಕೆಳಗಿನ ಗೆರೆ ದಾಟುವಂತೆ ಉದ್ದ ಕಾಲಿನ ಇಂಟು. ಎಣಿಸುವಾಗ ಚೀಟಿ ತೋರಿಸುತ್ತಾರೆ, ಗಂಗೋತ್ರಿಯ ಕಡೆಯವರು ನೋಡಿಕೊಳ್ಳುತ್ತಾರೆ, ಯಾರು ಕೈಕೊಟ್ಟರೆಂದು ಅಲ್ಲೇ ತಿಳಿಯುತ್ತದೆ. ಇದನ್ನು ಹಾಳೆಯ ಮೇಲೆ ಅಭ್ಯಾಸ ಬೇರೆ ಮಾಡಿಸುತ್ತಿದ್ದಾನೆ, ನೀವು ಕಾಪಿ ಬರೆಸಿದ ಹಾಗೆ! ಹಾಳೆ ಸಾಲದೆ ನನ್ನ ನೋಟ್‌ಬುಕ್ಕೇ ಕೇಳಿದ. ಕೊಡಲಿಲ್ಲ.

ಹೋದ ಕಾಗದದಲ್ಲಿ ಬರೆಯದ ಒಂದು ಮಾತಿದೆ. ಬಂದ ದಿನವೇ ಎಲ್ಲರಿಂದಲೂ ದೇವಸ್ಥಾನದಲ್ಲಿ ಭಂಡಾರ ಮುಟ್ಟಿಸಿ ಆಣೆ ಹಾಕಿಸಿಕೊಂಡ. ನಾನೂ ಅರಿಶಿನ ಮುಟ್ಟಿದೆ. ಹೆದರಿ ಮುಟ್ಟಿದೆ. ನಿಮಗೆ ಹೇಳಲು ನಾಚಿಕೆಯಾಗಿತ್ತು.

ನನ್ನ ನಾದಿನಿಯನ್ನು ರಾಯದುರ್ಗದ ಕಡೆ ಕೊಟ್ಟಿದ್ದೇವೆ. ಆಂಧ್ರದಲ್ಲಿ ಸರಪಂಚರನ್ನು ಊರವರೇ ಆರಿಸುತ್ತಾರೆ. ಅಲ್ಲೂ ಊಟ ಹಾಕಿಸುತ್ತಾರೆ, ಸೀರೆ ಹಂಚುತ್ತಾರೆ, ಇಲ್ಲವೆನ್ನುವುದಿಲ್ಲ. "ಸೀರೆ ಅವ್ನದು ಉಟ್ವಿ, ವೋಟು ಇವ್ನಿಗೆ ಹಾಕಿದ್ವಿ" ಎಂದು ನಾದಿನಿ ನಗುತ್ತಾಳೆ. ನಾಲ್ಕು ಸಾವಿರ ಇಂಟುಗಳಿಗೆ ನಾಲ್ಕು ಸಾವಿರ ಗುರುತು ಹೇಳಿಕೊಡಲು ಯಾವ ಕೆಂಚೇಶನಿಂದಲೂ ಆಗುವುದಿಲ್ಲ. ನಮ್ಮ ಹಟ್ಟಿಯ ಮುನ್ನೂರ ಹನ್ನೊಂದು ಜನರ ಮತ ಮಾತ್ರ ನನ್ನೊಬ್ಬಳ ಸೆರಗಿನಲ್ಲಿ ಗಂಟಾಗಿ, ಈ ಯಾತ್ರಿನಿವಾಸದ ಎಂಟನೇ ರೂಮಿನಲ್ಲಿ ಬೀಗ ಹಾಕಿಸಿಕೊಂಡು ಕೂತಿದೆ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎನ್ನುತ್ತಾರಲ್ಲ, ಆ ಪೂಜಾರಿ ಈಗ ನಾನೇ ಆಗಿದ್ದೇನೆ.

ಶಾಲು ಹಾಕಿಸಿಕೊಂಡಿದ್ದಕ್ಕಾದರೂ ಪ್ರಾಯಶ್ಚಿತ್ತವಾಗಿ ಭೀಮಕ್ಕನಿಗೆ ಒಂದು ಮಾತು ಮುಟ್ಟಿಸಿ. ನಾನು ಊರಲ್ಲಿ ತಲೆ ಎತ್ತಿ ತಿರುಗಬೇಕು, ಸರ್.

ಪುಷ್ಪಾ


ತ್ಯಾವಣಿಗೆ
29-7-2023

ಪುಷ್ಪಾ,

ಈ ಸಲದ ಕಾಗದದಲ್ಲಿ "ಪೂಜ್ಯ" ಇರಲಿಲ್ಲ, "ವಿಧೇಯ"ವೂ ಇರಲಿಲ್ಲ. ಗಮನಿಸಿದೆ.

ಕೆಂಚೇಶ ಬಂದಿದ್ದು ನಿಜ. ಕಾಗದ ಬರೆದುಕೊಟ್ಟಿದ್ದೂ ನಿಜ. ಒಗ್ಗಟ್ಟಿನಿಂದ ಇರಿ ಎಂದು ಬರೆದೆ. ಅದರಲ್ಲಿ ಯಾವ ಅಭ್ಯರ್ಥಿಯ ಹೆಸರೂ ಇಲ್ಲ. ನಿವೃತ್ತನಾದ ಮೇಷ್ಟರ ಮನೆಗೆ ಹಳೆಯ ಶಿಷ್ಯ ಬಂದು ಕಾಲು ಮುಟ್ಟಿದರೆ ಮನಸ್ಸು ಕರಗುತ್ತದೆ. ಅದೂ ಅಪರಾಧವೇ? ಅದನ್ನು ಅವನು ಹೇಗೆ ಓದಿದ, ಎಲ್ಲಿ ಓದಿದ ಎಂಬುದಕ್ಕೆಲ್ಲ ನನ್ನನ್ನು ಹೊಣೆ ಮಾಡಬೇಡ.

ನೀನು ನನಗೆ ನೀತಿ ಹೇಳಲು ಹೊರಟಿದ್ದರಿಂದ, ಇಪ್ಪತ್ತೈದು ವರ್ಷ ನುಂಗಿಕೊಂಡಿದ್ದ ಒಂದು ಮಾತು ಈಗ ಹೇಳಬೇಕಾಗಿದೆ. ಏಳನೇ ಕ್ಲಾಸಿನಲ್ಲಿ ನಾನು ನಾಯಕನ ಚುನಾವಣೆಯನ್ನು ಪರೋಕ್ಷವಾಗಿ ಮಾಡಿಸಿದೆ. ಐದು ಸಾಲು, ಸಾಲಿಗೊಬ್ಬ ಪ್ರತಿನಿಧಿ, ಐವರೂ ಚೀಟಿ ಬರೆದು ನಾಯಕನನ್ನು ಆರಿಸಬೇಕು. ನಿನ್ನ ಸಾಲಿನ ಎಂಟೂ ಮಕ್ಕಳು ದ್ಯಾಮಮ್ಮ ಆಗಬೇಕೆಂದು ನಿನ್ನನ್ನು ಕಳಿಸಿದ್ದರು. ಪಟೇಲರ ಮಗ ರಂಗಣ್ಣ ಮೂರಕ್ಕೆ ಎರಡರಿಂದ ಗೆದ್ದ. ದ್ಯಾಮಮ್ಮ ಅವತ್ತು ಅತ್ತಳು. ಸಂಜೆ ಮನೆಯಲ್ಲಿ ಚೀಟಿಗಳನ್ನು ಬಿಡಿಸಿ ನೋಡಿದೆ. "ರಂಗಣ್ಣ" ಎಂದು ಬರೆದ ಒಂದು ಚೀಟಿಯ ಅಕ್ಷರ ಎಡಕ್ಕೆ ವಾಲಿತ್ತು. ಇಡೀ ಶಾಲೆಯಲ್ಲಿ ಹಾಗೆ ಬರೆಯುತ್ತಿದ್ದವಳು ನೀನೊಬ್ಬಳೇ. ಪಟೇಲರ ಮನೆಯಿಂದ ನಿನಗೇನು ಸಿಕ್ಕಿತ್ತೋ, ನಾನು ಕೇಳಲಿಲ್ಲ.

ಆದ್ದರಿಂದ ಜರಡಿಯ ತೂತು ಎಲ್ಲಿದೆ ಎಂದು ನೀನು ನನಗೆ ತೋರಿಸಬೇಕಾಗಿಲ್ಲ. ಭೀಮಕ್ಕನಿಗೆ ಮಾತು ಮುಟ್ಟಿಸಲು ನಾನು ಹಿಂಜರಿದದ್ದು ಯಾಕೆಂದು ಈಗ ನಿನಗೆ ಅರ್ಥವಾಗಬೇಕು. ನೀನು ಮಾತಿನಂತೆ ನಡೆಯುತ್ತೀಯ ಎಂಬ ಜಾಮೀನು ನಾನು ಹೇಗೆ ಕೊಡಲಿ?

ಪಂಚಾಕ್ಷರಪ್ಪ


ಕರೆಗುಡ್ಡದಹಟ್ಟಿ, ಜಗಳೂರು ತಾಲ್ಲೂಕು
6-8-2023, ಭಾನುವಾರ

ಪಂಚಾಕ್ಷರಪ್ಪ ಸರ್,

ಚುನಾವಣೆ ಮುಗಿಯಿತು. ಗಂಗೋತ್ರಿ ಏಳು, ಭೀಮಕ್ಕ ಆರು.

ನಾನು ಭೀಮಕ್ಕನಿಗೇ ಹಾಕಿದೆ. ಚೌಕದ ನಟ್ಟನಡುವೆ, ಯಾವ ಗೆರೆಗೂ ತಾಗದ ಹಾಗೆ, ಯಾರೂ ಕುಲಗೆಟ್ಟ ಮತ ಎನ್ನಬಾರದೆಂದು ಉಸಿರು ಬಿಗಿಹಿಡಿದು ಹಾಕಿದೆ. ಭಂಡಾರದ ಆಣೆ ಮುರಿದೆ. ಅದರ ಪಾಪ ನನಗಿರಲಿ. ಆದರೆ ನಾನು ಈ ಕಡೆಯಿಂದ ಆ ಕಡೆಗೆ ಹೋದ ಹೊತ್ತಿಗೇ, ಭೀಮಕ್ಕನ ಆರು ಜನರಲ್ಲಿ ಯಾರೋ ಒಬ್ಬರು ಆ ಕಡೆಯಿಂದ ಈ ಕಡೆಗೆ ಬಂದಿದ್ದಾರೆ. ಯಾರೆಂದು ಆ ದೇವರಿಗೇ ಗೊತ್ತು. ಅವರು ಬಸ್ಸು ಹತ್ತಲಿಲ್ಲ, ಅವರ ಮೇಲೆ ಯಾರ ಅನುಮಾನವೂ ಇಲ್ಲ.

ಕೆಂಚೇಶನಿಗೆ ಮಾತ್ರ ನನ್ನ ವಿಷಯ ಕೂಡಲೇ ತಿಳಿಯಿತು. ಗಂಗೋತ್ರಿಯ ಏಳು ಚೀಟಿಗಳಲ್ಲಿ ಉದ್ದ ಕಾಲಿನ ಇಂಟು ಇರಲಿಲ್ಲವಲ್ಲ. ಅವನು ಬಯ್ಯುತ್ತಾನೆ, ಹೊಡೆಯಲು ಬರುತ್ತಾನೆ ಎಂದುಕೊಂಡಿದ್ದೆ. ಅವನು ಏನು ಮಾಡಿದ ಗೊತ್ತೇ ಸರ್? ಪಂಚಾಯ್ತಿ ಬಾಗಿಲಲ್ಲಿ ಏಳೂ ಊರ ಜನ ನಿಂತಿದ್ದರು. ಗಂಗೋತ್ರಿಗೆ ಒಂದು ಹಾರ ಹಾಕಿದ, ಎರಡನೆಯದನ್ನು ನನಗೆ ಹಾಕಿದ! "ಈ ಗೆಲುವು ನಮ್ಮ ಪುಷ್ಪಕ್ಕಂದು! ಆಕೆ ಒಂದು ವೋಟು ಇಲ್ದಿದ್ರೆ ನಾವು ಮನಿಗೆ ಹೋಗ್ತಿದ್ವಿ!" ಎಂದು ಕೂಗಿದ. ಹಾರ ಸರಿಮಾಡುವ ನೆವದಲ್ಲಿ ಕಿವಿಯ ಹತ್ತಿರ ಬಂದು, "ನಿನ್ ಗುರುತು ಕಾಣ್ಲಿಲ್ಲ ಪುಷ್ಪಕ್ಕ. ಇರ್ಲಿ, ಹಾಕ್ಕೋ" ಎಂದು ನಕ್ಕ. ಪಟಾಕಿ ಹೊಡೆದರು. ನಾನು "ಸುಳ್ಳು, ಸುಳ್ಳು" ಎಂದು ಕಿರುಚಿದೆ. ಯಾರಿಗೂ ಕೇಳಿಸಲಿಲ್ಲ. ಭೀಮಕ್ಕ ಹಾರ ನೋಡಿದಳು, ನನ್ನ ಮುಖ ನೋಡಿದಳು, ನಡೆದು ಹೋದಳು.

ಮರುದಿನ ಅವಳ ಮನೆಗೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಹದಿನೈದು ದಿನ ಅವರ ಅನ್ನ ಉಂಡೀಯ, ಅವರ ಹಾರ ಹಾಕ್ಕೊಂಡೀಯ. ಈಗ ನಂಗೆ ಹಾಕ್ದೆ ಅಂತೀಯಲ್ಲ, ನಾನು ಹೆಂಗೆ ನಂಬ್ಲಿ?" ಎಂದಳು. ತಪ್ಪು ಅವಳದಲ್ಲ. ಒಂದು ಮಾತು ಮೊದಲೇ ಅವಳ ಕಿವಿಗೆ ಬಿದ್ದಿದ್ದರೆ! ನಲ್ಲಿಯ ಹತ್ತಿರ ಹೋದರೆ ಹೆಂಗಸರು ತಮ್ಮ ಕೊಡಗಳನ್ನು ಪಕ್ಕಕ್ಕೆ ಸರಿಸಿಕೊಳ್ಳುತ್ತಾರೆ. ಹೆಂಡತಿಗೆ ಹಾರ ಬಿತ್ತೆಂದು ನನ್ನ ಗಂಡ ಮಾತ್ರ ಖುಷಿಯಾಗಿದ್ದಾನೆ. ಅದಕ್ಕೇ ನನಗೆ ಇನ್ನೂ ಹೆಚ್ಚು ಸಿಟ್ಟು. ಮುನ್ನೂರ ಹನ್ನೊಂದು ಜನರೂ ತಾವೇ ಚೀಟಿ ಹಾಕಿದ್ದರೆ ಸೋಲೋ ಗೆಲುವೋ ಅವರದೇ ಆಗಿರುತ್ತಿತ್ತು. ಈಗ ಅವರು ಸೋತರು, ಮೋಸಗಾತಿ ನಾನಾದೆ, ನಿಜ ಮಾತ್ರ ಪೆಟ್ಟಿಗೆಯಲ್ಲಿ ಉಳಿಯಿತು.

ಈಗ ನಿಮ್ಮ ಚೀಟಿಯ ವಿಷಯ. ನಿಮ್ಮ ಕಾಗದವನ್ನು ಚುನಾವಣೆಯ ಹಿಂದಿನ ದಿನ ಓದಿದೆ. ಓದಿ ಸಿಟ್ಟು ಬಂತು. ಸರ್, ಆ ವಾರ ಕೆಂಚೇಶನ ಬಲಗೈ ಬೆರಳು ಸೈಕಲ್ ಚೈನಿಗೆ ಸಿಕ್ಕಿ ಕಟ್ಟು ಹಾಕಿತ್ತು. ಮರೆತಿರಾ? ಅವನು ನಾಲ್ಕನೇ ಸಾಲಿನ ಪ್ರತಿನಿಧಿ. "ಬರಿಯಾಕೆ ಆಗಲ್ಲ, ನಂದೂ ನೀನೇ ಬರ್ಕೊಡು" ಎಂದ. ಯಾರ ಹೆಸರು ಎಂದು ಕೇಳಿದೆ. ರಂಗಣ್ಣ ಎಂದ. ಬರೆದುಕೊಟ್ಟೆ. ಅದು ಅವನ ಮತ, ನಾನು ತಿದ್ದಬಾರದಲ್ಲ. ನನ್ನ ಚೀಟಿಯಲ್ಲಿ ದ್ಯಾಮಮ್ಮ ಎಂದು ಬರೆದೆ. ಎಡಕ್ಕೆ ವಾಲಿದ ಚೀಟಿಗಳು ಎರಡಿದ್ದವು ಸರ್, ಎರಡು! ನೀವು ಒಂದನ್ನು ಮಾತ್ರ ನೋಡಿದಿರಿ.

ಅದಿರಲಿ, ನೀವು ಯಾಕೆ ನೋಡಿದಿರಿ? ಚೀಟಿ ಗುಪ್ತ ಎಂದು ಹಲಗೆಯ ಮೇಲೆ ಬರೆಸಿದವರು ನೀವು. ಕೆಂಚೇಶ ಇಂಟು ನೋಡಿ ಆಳು ಹಿಡಿದ, ನೀವು ಅಕ್ಷರ ನೋಡಿ ಹಿಡಿದಿರಿ. ಅವನಿಗೆ ಈ ವಿದ್ಯೆ ಕಲಿಸಿದವರು ಯಾರು ಎಂದು ಇನ್ನು ಕೇಳಬೇಕಾಗಿಲ್ಲ.

ಕೊನೆಯದಾಗಿ ಒಂದು ಪ್ರಶ್ನೆ. ಆ ವರ್ಷ ಜಗಳೂರಿನ ಹೆಣ್ಣುಮಕ್ಕಳ ಹಾಸ್ಟೆಲಿಗೆ ನಮ್ಮ ಶಾಲೆಯಿಂದ ಒಂದು ಹೆಸರು ಕಳಿಸಬೇಕಿತ್ತು. ಕ್ಲಾಸಿಗೆ ಮೊದಲು ಬಂದವಳು ನಾನು. ನೀವು ಕೊಲ್ಲಾಪುರಮ್ಮನ ಹೆಸರು ಕಳಿಸಿದಿರಿ. ಯಾಕೆ ಎಂದು ಅಪ್ಪ ಕೇಳಲು ಹೆದರಿದರು. ನನ್ನ ಓದು ಅಲ್ಲಿಗೆ ನಿಂತಿತು, ಹದಿನೇಳಕ್ಕೆ ಮದುವೆಯಾಯಿತು. ಸರ್, ಅದು ಆ ಚೀಟಿಯಿಂದಲೇ?

ಗ್ರಾಮಸಭೆ ಸೆಪ್ಟೆಂಬರ್ ಹನ್ನೆರಡಕ್ಕೆ. ಅಲ್ಲಿ ನಾನು ಎದ್ದು ಏನು ಹೇಳಿದರೂ ಯಾರೂ ನಂಬುವುದಿಲ್ಲ. ಅಂಚೆಯಣ್ಣನನ್ನು ಈಗ ದಾರಿಯಲ್ಲೇ ಹಿಡಿಯುತ್ತೇನೆ, ಇಲ್ಲಿಗೇ ಬರೆಯಿರಿ. ಬರೆಯದಿದ್ದರೂ ಸರಿ, ಅದನ್ನೇ ಉತ್ತರ ಎಂದುಕೊಳ್ಳುತ್ತೇನೆ.

ಪುಷ್ಪಾ


ತ್ಯಾವಣಿಗೆ
28-8-2023

ಪುಷ್ಪಾ,

ಮೂರು ವಾರ ಬರೆಯಲಿಲ್ಲ. ಏಳು ಸಲ ಬರೆದು ಹರಿದೆ. ಪ್ರತಿ ಸಲವೂ ಕಾಗದದ ಅರ್ಧದಲ್ಲಿ ನಾನು ನನ್ನದೇ ವಕಾಲತ್ತು ವಹಿಸುತ್ತಿದ್ದೆ.

ಹೌದು, ಹಾಸ್ಟೆಲಿಗೆ ನಿನ್ನ ಹೆಸರು ಬರೆದಿಟ್ಟಿದ್ದೆ. ಚೀಟಿ ನೋಡಿದ ರಾತ್ರಿ ಹೊಡೆದು ಹಾಕಿದೆ. ಮಾತಿಗೆ ತಪ್ಪುವ ಹುಡುಗಿಗೆ ಸರ್ಕಾರದ ಅನ್ನ ಯಾಕೆ ಎಂದು ನನಗೆ ನಾನೇ ಹೇಳಿಕೊಂಡೆ. ಅದನ್ನು ನ್ಯಾಯ ಎಂದು ತಿಳಿದಿದ್ದೆ.

ಇನ್ನೊಂದು ವಿಷಯ ನಿನಗೆ ಗೊತ್ತಿಲ್ಲ. ನಾನು ಎರಡನೆಯ ಚೀಟಿಯನ್ನೂ ನೋಡಿದ್ದೆ. ಅದೂ ಎಡಕ್ಕೆ ವಾಲಿತ್ತು, ಅದರಲ್ಲಿ ದ್ಯಾಮಮ್ಮ ಎಂದಿತ್ತು. ಯಾರೋ ನಿನ್ನ ಅಕ್ಷರ ನೋಡಿ ಕಲಿತಿರಬೇಕು ಅಂದುಕೊಂಡೆ. ಕೆಂಚೇಶನ ಬೆರಳಿನ ಕಟ್ಟನ್ನೂ ದಿನಾ ನೋಡುತ್ತಿದ್ದೆ, ಡಿಕ್ಟೇಷನ್ ಬೇಡ ಎಂದು ಅವನಿಗೆ ರಿಯಾಯಿತಿ ಕೊಟ್ಟವನು ನಾನೇ. ಒಂದಕ್ಕೊಂದು ಜೋಡಿಸಲಿಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಿಮ್ಮಿಂದ ನೂರು ಸಲ ಬರೆಸಿದವನು ನಾನು. ಒಮ್ಮೆ ಕರೆದು ಕೇಳಿದ್ದರೆ ಎರಡು ನಿಮಿಷದ ಮಾತು. ಆದರೆ ಕೇಳಿದರೆ ನಾನು ಚೀಟಿ ಬಿಡಿಸಿ ನೋಡಿದ್ದು ನಿನಗೆ ತಿಳಿಯುತ್ತಿತ್ತು. ಅದಕ್ಕೇ ಕೇಳಲಿಲ್ಲ.

ಪರೋಕ್ಷ ಚುನಾವಣೆ ಸರಿಯೋ ತಪ್ಪೋ, ಈ ವಯಸ್ಸಿನಲ್ಲಿ ಒಂದೇ ಏಟಿಗೆ ಮನಸ್ಸು ಬದಲಾಯಿಸಿದೆ ಎಂದರೆ ಅದೂ ಸುಳ್ಳಾಗುತ್ತದೆ. ಇಷ್ಟು ಮಾತ್ರ ಹೇಳಬಲ್ಲೆ. ಜನ ದುಡುಕುತ್ತಾರೆ ಎಂದು ಮೂವತ್ತಮೂರು ವರ್ಷ ಪಾಠ ಮಾಡಿದೆ. ದುಡುಕಿದವನು ನಾನು.

ಹನ್ನೆರಡಕ್ಕೆ ಗ್ರಾಮಸಭೆಗೆ ಬರುತ್ತೇನೆ. ಮತ ಭೀಮಕ್ಕನಿಗೆ ಎಂದು ನೀನು ಬರೆದ ಜುಲೈ ಕಾಗದ ತರುವುದಿಲ್ಲ. ಅದು ನಿನ್ನ ಗುಪ್ತ ಮತ, ಅದನ್ನು ಇನ್ನೊಮ್ಮೆ ಬಿಡಿಸಿ ನೋಡುವ ಹಕ್ಕು ನನಗಿಲ್ಲ. ನನ್ನ ತಪ್ಪನ್ನು ಮಾತ್ರ ತರುತ್ತೇನೆ. ಬೇಡ ಎನ್ನಬೇಡ.

ಪಂಚಾಕ್ಷರಪ್ಪ


ತ್ಯಾವಣಿಗೆ
13-9-2023

ಪುಷ್ಪಾ,

ನಿನ್ನೆ ಹೇಳಬೇಕಾದ್ದನ್ನು ಹೇಳಿ ಕೂತೆ. ಆಮೇಲೆ ಯಾರು ಏನೆಂದರೋ ನನಗೆ ಒಂದಕ್ಷರವೂ ಕೇಳಿಸಲಿಲ್ಲ. ಜನ ನಕ್ಕದ್ದು ಕಂಡಿತು. ಬಾಯಿಗಳು ಆಡಿದವು. ಕೊನೆಗೆ ಇಡೀ ಸಭೆ ನನ್ನ ಕಡೆಗೆ ಕೈ ಎತ್ತಿತು. ಎದ್ದು ಹೋಗು ಎಂದರೆಂದು ಅರ್ಥವಾಯಿತು. ಅದಕ್ಕೆ ನಾನು ಅರ್ಹ. ನಿನಗೂ ಹೇಳದೆ ಬಸ್ಸು ಹತ್ತಿದೆ. ನನ್ನ ಬರುವಿಕೆಯಿಂದ ನಿನಗೆ ಇನ್ನಷ್ಟು ಅವಮಾನವಾಗಿದ್ದರೆ ಅದನ್ನೂ ನನ್ನ ಲೆಕ್ಕಕ್ಕೇ ಹಾಕು. ಇನ್ನು ತೊಂದರೆ ಕೊಡುವುದಿಲ್ಲ.

ಪಂ.


ಕರೆಗುಡ್ಡದಹಟ್ಟಿ
17-9-2023, ಭಾನುವಾರ

ಸರ್,

ನಿಮಗೆ ದುಡುಕುವುದು ಇನ್ನೂ ಬಿಟ್ಟಿಲ್ಲ! ನೀವು ಕಂಡಿದ್ದು ಒಂದು, ಆಗಿದ್ದು ಇನ್ನೊಂದು. ಕೇಳಿಸಲಿಲ್ಲ ಎಂದಿರಲ್ಲ, ನೀವು ಕೂತ ಮೇಲೆ ಯಾರು ಏನೆಂದರು ಎಂದು ಸಾಲಾಗಿ ಬರೆಯುತ್ತೇನೆ.

ನೀವು ಎದ್ದು ನಿಂತು, ಚೀಟಿ ಕದ್ದು ನೋಡಿದ್ದು, ಕೆಂಚೇಶನ ಕಟ್ಟು ಹಾಕಿದ ಬೆರಳು ಮರೆತು ತಪ್ಪು ತಿಳಿದದ್ದು, ಹಾಸ್ಟೆಲ್ ತಪ್ಪಿಸಿದ್ದು, ಶಾಲು ಹೊದ್ದು ಕಾಗದ ಬರೆದದ್ದು ಎಲ್ಲವನ್ನೂ ಹೇಳಿ, "ಪುಷ್ಪಾ ಯಾರಿಗೆ ಮತ ಹಾಕಿದಳೆಂದು ನಾನು ಹೇಳುವುದಿಲ್ಲ, ಹೇಳಬಾರದು. ಆದರೆ ಗುರುತು ನೋಡಿ ಅವಳನ್ನು ತಪ್ಪು ತಿಳಿದ ಮೊದಲನೆಯವನು ನಾನು, ಎರಡನೆಯವರು ನೀವಾಗಬೇಡಿ" ಎಂದು ಕೂತಿರಿ. ಮೊದಲು ಮಾತಾಡಿದವನು ಕೆಂಚೇಶ. "ಸರ್‌ಗೆ ವಯಸ್ಸಾತು, ಯಾರಾದ್ರೂ ಹೊರಗೆ ಕರ್ಕೊಂಡೋಗಿ ನೀರು ಕುಡಿಸ್ರಿ" ಎಂದ. ಆಗ ಹಿಂದಿನಿಂದ ಮಾರುತೇಶ, "ಏ ಕೆಂಚೇಶಣ್ಣ, ಬೆರಳು ವಾಸಿ ಆತೇನಣ್ಣ?" ಎಂದ. ನೀವು ಕಂಡ ನಗು ಅದು, ಸರ್. ನಿಮ್ಮನ್ನು ನೋಡಿ ಒಬ್ಬರೂ ನಗಲಿಲ್ಲ. ಕೆಂಚೇಶನ ಕೈ ತಾನಾಗಿಯೇ ಜೇಬಿಗೆ ಹೋಯಿತು.

ಆಮೇಲೆ ಕೊಲ್ಲಾಪುರಮ್ಮ ಎದ್ದಳು. ನಮ್ಮ ಅಂಗನವಾಡಿ ಟೀಚರ್ ಅವಳೇ. "ಆ ಸೀಟು ನಂದಲ್ಲ ಅಂತ ಇವತ್ತು ಗೊತ್ತಾತು" ಎಂದು ಹೇಳಿ ಅತ್ತಳು. ಅವಳ ತಪ್ಪೇನಿದೆ.

ಕೊನೆಗೆ ಭೀಮಕ್ಕ. ಅವಳು ಎದ್ದು ನನ್ನ ಕಡೆ ತಿರುಗಿದಳು. ನಂಬಿದೆ ಎನ್ನುತ್ತಾಳೆ ಎಂದು ಕಾದೆ. ಅವಳು ಅಂದಿದ್ದು ಇದು: "ಪುಷ್ಪನ್ನ ನಂಬ್ತೀನಿ ಅಂತಾನೂ ಹೇಳಲ್ಲ, ನಂಬಲ್ಲ ಅಂತಾನೂ ಹೇಳಲ್ಲ. ನಂಬಾಕೆ ಬಿಡಾಕೆ ಇದೇನು ದೇವ್ರು ಬರೋ ಮಾತೇ? ನಾಲ್ಕು ಸಾವಿರ ಮಂದಿ ಇದೀವಿ. ನಮ್ಮ ಅಧ್ಯಕ್ಷರು ಯಾರಾಗ್ಬೇಕು ಅಂತ ನಮ್ಮನ್ನೇ ಕೇಳಿದ್ರೆ ನಾನು ಈ ಹುಡ್ಗಿ ಮುಖ ನೋಡಿ ಅನುಮಾನ ಪಡ್ಬೇಕಿತ್ತಾ? ಸೋತ್ರೆ ಸೋತೆ ಅಂತ ಪಂಪ್‌ಹೌಸಿಗೆ ಹೋಗ್ತಿದ್ದೆ." ಪಿಡಿಒ ಸಾಹೇಬರ ಕಡೆ ತಿರುಗಿ, "ಅಧ್ಯಕ್ಷರನ್ನ ಜನನೇ ಆರಿಸ್ಲಿ ಅಂತ ಸರ್ಕಾರಕ್ಕೆ ಬರೀರಿ" ಎಂದಳು. ಕಾನೂನಿನಲ್ಲಿ ಹಾಗಿಲ್ಲಮ್ಮ ಎಂದರು ಅವರು. "ಇಲ್ಲ ಅಂತ್ಲೇ ಬರೀರಿ ಅಂತಿರೋದು. ಬೇಕು ಅನ್ನೋರು ಕೈ ಎತ್ರಿ" ಎಂದಳು.

ನಿಮಗೆ ಕಂಡ ಕೈಗಳು ಅವು. ನೀವು ಪಿಡಿಒ ಪಕ್ಕದ ಕುರ್ಚಿಯಲ್ಲಿದ್ದಿರಿ, ಅದಕ್ಕೇ ನಿಮ್ಮ ಕಡೆಗೆ ಎತ್ತಿದಂತೆ ಕಂಡಿದೆ. ಗಂಗೋತ್ರಿಯೂ ಅಧ್ಯಕ್ಷರ ಕುರ್ಚಿಯಲ್ಲೇ ಕೂತು ಅರ್ಧ ಎತ್ತಿದಳು, ಮೈದುನನ ಮುಖ ನೋಡಿ ಸೆರಗು ಸರಿಮಾಡಿಕೊಂಡಳು. ಅಷ್ಟರಲ್ಲಿ ನೀವು ಛತ್ರಿ ಎತ್ತಿಕೊಂಡು ಹೊರಟಿದ್ದಿರಿ. ನಾನು ಕೂಗಿದೆ. ಕೂಗಿದರೆ ನಿಮಗೆ ಕೇಳಿಸುವುದಿಲ್ಲ ಎಂಬುದು ಬಸ್ಸು ಹೋದ ಮೇಲೆ ನೆನಪಾಯಿತು.

ಹಾಸ್ಟೆಲಿನ ವಿಷಯ ನಾನು ಕ್ಷಮಿಸಿಲ್ಲ. ಕ್ಷಮಿಸಿದೆ ಎಂದು ಬರೆದರೆ ನಿಮಗೆ ನಿದ್ದೆ ಬರುತ್ತದೆ, ನನಗೆ ಬರುವುದಿಲ್ಲ. ನನ್ನ ಮಗಳು ಈಗ ಏಳನೇ ಕ್ಲಾಸು. ಅವಳಿಗೆ ಪತ್ರಲೇಖನದ ಪಾಠ ಬಂದಿದೆ, ನಿಮ್ಮ ವಿಳಾಸ ಕೊಟ್ಟಿದ್ದೇನೆ. ಅವಳ ಕಾಗದಕ್ಕೆ ಉತ್ತರ ಬರೆಯಿರಿ. ಅಷ್ಟು ಮಾಡಿ.

ಭೀಮಕ್ಕ ಇನ್ನೂ ನಮ್ಮ ಮನೆಗೆ ಬಂದಿಲ್ಲ. ನಿನ್ನೆ ನಲ್ಲಿಯಲ್ಲಿ ನನ್ನ ಕೊಡದ ಪಕ್ಕ ಅವಳ ಕೊಡ ಇಟ್ಟಳು.

ಕೈಗಳನ್ನು ಪಿಡಿಒ ಎಣಿಸಲಿಲ್ಲ. ಟ್ರೈನಿಂಗಿಗೆಂದು ಒಯ್ದಿದ್ದ ನೋಟ್‌ಬುಕ್ಕಿನಲ್ಲಿ ನಾನು ಎಣಿಸಿ ಬರೆದಿಟ್ಟಿದ್ದೇನೆ: ಇನ್ನೂರ ಹದಿನಾರು. ಅದರಲ್ಲಿ ಒಂದು ನನ್ನದು, ಸರ್. ಭೀಮಕ್ಕ ನೋಡಿದಳು, ಕೆಂಚೇಶ ನೋಡಿದ, ಏಳೂ ಊರು ನೋಡಿತು. ಅದು ಯಾರದೆಂದು ಯಾರೂ ಮನೆಗೆ ಹೋಗಿ ಬಿಡಿಸಿ ನೋಡಬೇಕಾಗಿಲ್ಲ.

ಪುಷ್ಪಾ